ಗೊತ್ತಿಲ್ಲ

ಅಮ್ಮ ಹೋದಮೇಲೆ ದರ್ಜಿ ಅಪ್ಪ ಹೊಲಿಗೆ ಮಷೀನಿಗೆ ಬಟ್ಟೆ ಮುಚ್ಚಿ, ಗೋಡೆ ನೋಡುತ್ತ ಕೂತುಬಿಟ್ಟ. ಏನು ಕೇಳಿದರೂ ಒಂದೇ ಉತ್ತರ: “ಗೊತ್ತಿಲ್ಲ.” ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ಇವನಿಗೆ ಎಪ್ಪತ್ತೆರಡು. ಆಸ್ಪತ್ರೆಗೆ ಕರೆದೊಯ್ದೆ.

“ಮರೆವಿನ ಕಾಯಿಲೆಯವರು ತಪ್ಪೋ ಸರಿಯೋ ಏನೋ ಒಂದು ಹೇಳ್ತಾರಮ್ಮ,” ಎಂದರು ಡಾಕ್ಟರು. “ಇವರಿಗೆ ಹೇಳೋ ಮನಸ್ಸೇ ಇಲ್ಲ. ಸದ್ಯಕ್ಕೆ ಇದು ಖಿನ್ನತೆ.”

ಹೋದ ಜೀವ ಬಂದಂತಾಯಿತು. ಆರು ತಿಂಗಳು ಬೈದು ಬೈದು ಮಾತ್ರೆ ನುಂಗಿಸಿದೆ.

ಇವತ್ತು ಅಪ್ಪ ತಾನಾಗಿಯೇ ಮಷೀನಿನ ಬಟ್ಟೆ ಸರಿಸಿ, ಕೊರಳಿಗೆ ಟೇಪು ಹಾಕಿಕೊಂಡು ನನ್ನನ್ನು ಕರೆದ. ಭುಜ, ತೋಳು, ಸೊಂಟ, ಒಂದೂ ತಪ್ಪದೆ ಅಳೆದ. ನನಗೆ ಕಣ್ಣು ತುಂಬಿತು.

“ಸೋಮವಾರ ಬಾರಮ್ಮ, ರವಿಕೆ ರೆಡಿ ಇರುತ್ತೆ,” ಎಂದು ನಕ್ಕು ಪೆನ್ಸಿಲ್ ಎತ್ತಿಕೊಂಡ. “ಚೀಟೀಲಿ ಬರ್ಕೋಬೇಕು. ಯಾರ ಮಗಳಮ್ಮ ನೀನು?”

“ಗೊತ್ತಿಲ್ಲ,” ಎಂದೆ.