ಮೇಷ್ಟ್ರು ಕಂಡ ಪಿನ್ನು

ಮೇಷ್ಟ್ರ ತಲೆ ಯಾವಾಗಲೂ ಎಡಕ್ಕೆ ವಾಲಿಕೊಂಡೇ ಇರುತ್ತಿತ್ತು. ಅದು ಕತ್ತಿನ ನೋವಲ್ಲ, ವಿನಯವಂತೂ ಅಲ್ಲವೇ ಅಲ್ಲ. ತಾಂತ್ರಿಕ ತರಬೇತಿ ಶಾಲೆಯಲ್ಲಿ ಡೀಸೆಲ್ ಎಂಜಿನ್ನಿನ ಪಾಠ ಹೇಳುತ್ತ ಹೇಳುತ್ತ, ಆ ಎಡಗಿವಿಯನ್ನು ಯಂತ್ರಗಳ ಸೇವೆಗೆಂದು ಬರೆದುಕೊಟ್ಟುಬಿಟ್ಟಿದ್ದರು. ಬೀದಿಯಲ್ಲಿ ನಡೆಯುವಾಗಲೂ ಕಿವಿ ಮುಂದೆ, ದೇಹ ಹಿಂದೆ. ಎದುರು ಬಂದವರು ಕುಶಲ ವಿಚಾರಿಸಿದರೆ, ಉತ್ತರ ಕೊಡುವ ಮೊದಲು ಅವರ ಎದೆಗೂಡಿನಲ್ಲಿ ಏನಾದರೂ ಕಟಕಟ ಸದ್ದಿದೆಯೇ ಎಂದು ಪರೀಕ್ಷಿಸುವವರಂತೆ ಕ್ಷಣಕಾಲ ನಿಂತುಬಿಡುತ್ತಿದ್ದರು.

ನಿವೃತ್ತರಾದರೂ ಶಾಲೆಯ ಖಾಕಿ ಕೋಟು ಅವರನ್ನು ಬಿಡಲಿಲ್ಲ, ಅವರೂ ಅದನ್ನು ಬಿಡಲಿಲ್ಲ. ಅದರ ಜೇಬುಗಳಲ್ಲಿ ಟಾರ್ಚು, ಸ್ಕ್ರೂಡ್ರೈವರು, ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿ. ಬಾಯಲ್ಲಿ ಒಂದೇ ಮಾತು: "ಬಿಚ್ಚಿ ನೋಡೋಣ." ಸುಸೂತ್ರವಾಗಿ ತಿರುಗುತ್ತಿದ್ದ ಫ್ಯಾನನ್ನು ಅವರು ಬಿಚ್ಚಿ ನೋಡಿದ್ದರು, ಹೆಂಡತಿಯ ಮಿಕ್ಸಿಯನ್ನಂತೂ ಅದು ನಿಟ್ಟುಸಿರು ಬಿಟ್ಟಾಗಲೆಲ್ಲ ಬಿಚ್ಚಿದ್ದರು. ಮರಳಿ ಜೋಡಿಸಿದ ಮೇಲೆ ತಿರುಪೊಂದು ಉಳಿದುಕೊಂಡರೆ ಅವರ ಮುಖದಲ್ಲಿ ಅಳುಕಿನ ಲವಲೇಶವೂ ಕಾಣುತ್ತಿರಲಿಲ್ಲ. "ಕಂಪನಿಯವರು ಒಂದು ಜಾಸ್ತಿ ಹಾಕಿದ್ರು," ಎಂದು ಅದನ್ನು ಜೇಬಿಗಿಳಿಸುತ್ತಿದ್ದರು. ನಿಮ್ಮ ಹೃದಯ ಗಟ್ಟಿಯಾಗಿದೆ ಎಂದ ವೈದ್ಯರಿಗೂ, "ಬಿಚ್ಚಿ ನೋಡದೆ ಅದು ಹೇಗೆ ಹೇಳ್ತೀರಿ ಸ್ವಾಮಿ?" ಎಂದು ಕೇಳಿ ಬಂದವರು ಅವರು.

ಜಗತ್ತಿನ ಸಕಲ ದೋಷಗಳ ಪೈಕಿ ಅವರ ಪ್ರೀತಿಗೆ ಪಾತ್ರವಾದದ್ದು ಒಂದಿತ್ತು. ಒಂದು ಜಾತಿಯ ಲಾರಿ ಎಂಜಿನ್ನಿನ ಮುಂಭಾಗದ ಹಲ್ಲುಚಕ್ರಗಳ ಹಿಂದೆ, ಬೆರಳ ಗೆಣ್ಣಿನಷ್ಟಿರುವ ಉಕ್ಕಿನ ಪಿನ್ನೊಂದನ್ನು ಬರೀ ಬಿಗಿಯ ನಂಬಿಕೆಯ ಮೇಲೆ ಕೂರಿಸಿರುತ್ತಾರೆ; ಅದನ್ನು ಹಿಡಿದಿಡಲು ಮುಂದೆ ಏನೂ ಇಲ್ಲ. ಎಂಜಿನ್ನು ನಡುಗಿ ನಡುಗಿ, ಎಂದೋ ಒಂದು ದಿನ ಪಿನ್ನು ಜಾರಿ ಚಕ್ರಗಳ ನಡುವೆ ಬಿದ್ದರೆ ಹಲ್ಲುಗಳೆಲ್ಲ ಪುಡಿ, ಎಂಜಿನ್ನಿನ ಕಥೆ ಅಲ್ಲಿಗೆ ಮುಗಿಯಿತು. ವಿನ್ಯಾಸ ಮಾಡಿದವರ ಈ ಮರೆವನ್ನು ಮೇಷ್ಟ್ರು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಹುಡುಗರ ಎದೆ ಝಲ್ಲೆನ್ನುವಂತೆ ವರ್ಣಿಸುತ್ತಿದ್ದರು. ಆದರೆ ಶಾಲೆಯಲ್ಲಿದ್ದದ್ದು ಬೇರೆ ಜಾತಿಯ ಎಂಜಿನ್ನು. ಸಡಿಲಗೊಂಡ ಪಿನ್ನನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ಈ ಸಂಗತಿ ಹೆಂಡತಿಗೂ ಗೊತ್ತಿರಲಿಲ್ಲ.

ಅವರ ಮಗಳು ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಗುಮಾಸ್ತೆ. ಒಂದು ಸಂಜೆ ಚಹಾ ಕೊಡುತ್ತ, ಸರಕಿನೊಂದಿಗೆ ಪದೇ ಪದೇ ತೂಗಿಸಿಕೊಳ್ಳಲು ಬರುವ ಲಾರಿಯವನೊಬ್ಬನನ್ನು ಮದುವೆಯಾಗಬೇಕೆಂದಿದ್ದೇನೆ ಎಂದು ಹೇಳಿಯೇಬಿಟ್ಟಳು.

"ಯಾವ ಲಾರಿ?" ಎಂದರು ಮೇಷ್ಟ್ರು.

"ಹುಡುಗ ಯಾರು ಅಂತ ಕೇಳಲ್ವಾ ಅಪ್ಪಾ?"

"ಅದನ್ನ ಆಮೇಲೆ ಕೇಳ್ತೀನಿ. ಲಾರಿ ಯಾವುದು?"

ಅವಳು ಹೇಳಿದಳು. ಮೇಷ್ಟ್ರು ಲೋಟ ಕೆಳಗಿಟ್ಟರು. ಅದೇ ಜಾತಿ, ಅದೇ ಎಂಜಿನ್ನು!

ರಜೆಯ ದಿನ ಹುಡುಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಲಾರಿಯನ್ನೂ ತೊಳೆದು ತಂದು ಮನೆಯ ಮುಂದೆ ನಿಲ್ಲಿಸಿದ. ಮೇಷ್ಟ್ರು ಅವನನ್ನು ದಾಟಿಕೊಂಡು ನೇರ ಬಾನೆಟ್ಟಿನ ಬಳಿಗೆ ನಡೆದರು.

"ಈ ಎಂಜಿನ್ನಿಗೊಂದು ಹುಟ್ಟುದೋಷ ಇದೆ, ಗೊತ್ತೇನಪ್ಪಾ?"

"ಯಾರೋ ಹೇಳಿದ್ರು ಸಾರ್. ಆದ್ರೆ ನಂದು ಚೆನ್ನಾಗೇ ಓಡ್ತಿದೆ."

"ಬೀಳೋ ತನಕ ಎಲ್ಲರದೂ ಚೆನ್ನಾಗೇ ಓಡುತ್ತೆ. ಬಿಚ್ಚಿ ನೋಡೋಣ."

ಮರುದಿನ ಬೆಳಗ್ಗೆ ಅವನು ಸರಕು ತುಂಬಿಕೊಂಡು ಹೊರಡಬೇಕಿತ್ತು. ತಪ್ಪಿದರೆ ಆ ಬಾಡಿಗೆ ಬೇರೆಯವರ ಪಾಲು. ಅವನು ದಿಕ್ಕು ತೋಚದೆ ಹುಡುಗಿಯ ಮುಖ ನೋಡಿದ. "ಲಾರಿ ಬಿಚ್ಚೋಕೆ ಬಿಟ್ಬಿಡಿ," ಎಂದಳು ಅವಳು ಮೆಲ್ಲಗೆ, "ಇಲ್ಲಾಂದ್ರೆ ನಿಮ್ಮನ್ನ ಬಿಚ್ತಾರೆ."

ಫ್ಯಾನು, ಬೆಲ್ಟು, ಪುಲ್ಲಿ ಒಂದೊಂದಾಗಿ ಕಳಚಿ ಜಗಲಿಯ ಮೇಲೆ ಹಾಸಿದ ಪತ್ರಿಕೆಯ ಮೇಲೆ ಸಾಲುಗಟ್ಟಿದವು. ಕೊನೆಗೆ ಮುಂದಿನ ಮುಚ್ಚಳ ಬಂತು. ಮೇಷ್ಟ್ರು ಟಾರ್ಚಿನ ಬೆಳಕು ಬಿಟ್ಟು, ಕನ್ನಡಿ ಹಿಡಿದು, ಉಸಿರು ಬಿಗಿಹಿಡಿದು ಇಣುಕಿದರು. ಇತ್ತು! ಅರ್ಧಕ್ಕರ್ಧ ಹೊರಗೆ ಜಾರಿಕೊಂಡು, ತಾವು ಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರವೇ ಮೈದಾಳಿ ಬಂದಂತೆ, ಪಿನ್ನು ಹೊಳೆಯುತ್ತಿತ್ತು. ಎದೆಯೊಳಗೆ ಒಮ್ಮೆಲೇ ಹರೆಯ ನುಗ್ಗಿದಂತಾಗಿ ಅವರು ಕೂಗಿಕೊಂಡರು.

"ಬನ್ರೇ ಎಲ್ಲಾರೂ! ಒಲೆ ಆರಿಸಿ ಬಾರೇ!"

ಹೆಂಡತಿ ಸೌಟು ಹಿಡಿದುಕೊಂಡೇ ಬಂದರು. ಪಕ್ಕದ ಮನೆಯ ದರ್ಜಿಯೂ ಟೇಪು ಕತ್ತಿಗೆ ನೇತುಹಾಕಿಕೊಂಡು ಬಂದ. ಮೇಷ್ಟ್ರು ಕೋಟು ಸರಿಪಡಿಸಿಕೊಂಡು, ತರಗತಿಯ ಗಂಭೀರ ಧ್ವನಿಯಲ್ಲಿ ಪಾಠ ಶುರು ಮಾಡಿದರು: "ನೋಡಿ, ಇಷ್ಟು ಹೊರಗೆ ಬಂದುಬಿಟ್ಟಿದೆ. ಇನ್ನು ಇದಕ್ಕೆ ಒಂಚೂರು, ಒಂದೇ ಒಂಚೂರು ಹೀಗೆ ತಾಗಿದ್ರೆ ಸಾಕು..." ಎನ್ನುತ್ತ ತೋರಿಸುವ ಭರದಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ತಾಗಿಸಿದರು.

ಟಿಣ್ ಎಂದಿತು. ಒಳಗೆಲ್ಲೋ ಇನ್ನೊಮ್ಮೆ, ಇನ್ನೂ ಆಳದಲ್ಲಿ, ಟಿಣ್ ಎಂದಿತು. ಆಮೇಲೆ ಸದ್ದಿಲ್ಲ. ಅಂದು ಮೊದಲ ಬಾರಿಗೆ ಮೇಷ್ಟ್ರ ತಲೆ ಕಂಬದಂತೆ ನೆಟ್ಟಗೆ ನಿಂತಿದ್ದನ್ನು ಎಲ್ಲರೂ ನೋಡಿದರು.

"ಇದೇನಾ ಆ ಹುಟ್ಟುದೋಷ?" ಎಂದರು ಹೆಂಡತಿ.

ದರ್ಜಿಗೆ ತಟ್ಟನೆ ಮನೆಯ ಕೆಲಸ ನೆನಪಾಯಿತು. ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಹುಡುಗ ಈಗ ಕೂಗಾಡುತ್ತಾನೆ, ಅವನ ಜಾಗದಲ್ಲಿ ನಾನಿದ್ದರೆ ಬೀದಿಯೇ ಕೂಡುವಂತೆ ಕೂಗಾಡುತ್ತಿದ್ದೆ ಎಂದುಕೊಂಡು ನೆಲ ನೋಡುತ್ತ ಕಾದರು. ಹುಡುಗ ಎಂಜಿನ್ನನ್ನು ನೋಡಿದ, ತನ್ನ ಬಿಳಿ ಅಂಗಿಯನ್ನು ನೋಡಿಕೊಂಡ, ದೊಡ್ಡದೊಂದು ಉಸಿರು ಬಿಟ್ಟ.

"ಅಮ್ಮಾ, ಸಾರ್‌ದು ಹಳೇ ಬನಿಯನ್ ಒಂದಿದ್ರೆ ಕೊಡ್ತೀರಾ?"

ಮೇಷ್ಟ್ರ ಬನಿಯನ್ನು ತೊಟ್ಟು ಅವನು ಲಾರಿಯಡಿಗೆ ನುಸುಳಿದ. ಎಣ್ಣೆಯನ್ನೆಲ್ಲ ಬಾನಿಗೆ ಇಳಿಸಿ, ಅಡಿಯ ಆಯಿಲ್ ಚೇಂಬರ್ ಕಳಚಿ, ಮಸಿಯಲ್ಲಿ ಕೈಯಾಡಿಸಿ ಪಿನ್ನು ಹುಡುಕಿ ತೆಗೆದ. "ಓಡ್ತಾ ಇರೋವಾಗ ಬಿದ್ದಿದ್ರೆ ನಾನು ಯಾವ ಘಾಟಿಯಲ್ಲಿ ಇರ್ತಿದ್ನೋ ಸಾರ್," ಎಂದು ಅಡಿಯಿಂದಲೇ ಹೇಳಿದ. ಆ ಮಾತು ಸಮಾಧಾನವೋ ಸತ್ಯವೋ ಎಂದು ತಿಳಿಯಲು ಮೇಷ್ಟ್ರು ಬಗ್ಗಿ ನೋಡಿದರು. ಕಂಡದ್ದು ಎಣ್ಣೆ ಮೆತ್ತಿದ ಮೂಗು ಮಾತ್ರ. ಅವರು ಎದ್ದರು. ಉಕ್ಕಿನ ಪಟ್ಟಿಯೊಂದನ್ನು ಕತ್ತರಿಸಿ, ಅರದಿಂದ ಉಜ್ಜಿ, ತೂತು ಕೊರೆದು, ಪಿನ್ನನ್ನು ಗೂಡಿಗೆ ಮರಳಿ ಕೂರಿಸಿ, ಮತ್ತೆಂದೂ ಹೊರಬರದ ಹಾಗೆ ಗೂಡಿನ ಬಾಯಿಗೆ ಅಡ್ಡಪಟ್ಟಿ ಬಿಗಿದರು.

ದೀಪ ಹಚ್ಚುವ ಹೊತ್ತಿಗೆ ಮತ್ತೆ ಜೋಡಿಸಿದ ಎಂಜಿನ್ನು ಚಾಲೂ ಆಗಿ ಗುಡುಗಿತು. ಹುಡುಗ ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಮೇಷ್ಟ್ರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅವನು ಕೂಗಾಡ್ಲಿಲ್ಲ."

"ಇಲ್ಲ," ಎಂದಳು ಮಗಳು.

"ನಾನಾಗಿದ್ರೆ ಕೂಗಾಡ್ತಿದ್ದೆ."

"ಗೊತ್ತು," ಎಂದರು ತಾಯಿ ಮಗಳು ಒಟ್ಟಿಗೆ.

"ಊಟಕ್ಕೆ ಇರೋಕೆ ಹೇಳು," ಎಂದು ಅವರು ಒಳಗೆ ಹೋದರು. ಮದುವೆಯೂ ಆಯಿತು. ಆ ದಿನದ ಕಥೆಯನ್ನು ಮೇಷ್ಟ್ರು ಕಂಡಕಂಡವರಿಗೆಲ್ಲ ಹೇಳಿದರು. ಹೇಳುತ್ತ ಹೇಳುತ್ತ ಅವರ ಕಥೆಯಲ್ಲಿ ಪಿನ್ನು, ಸ್ಕ್ರೂಡ್ರೈವರು ತಾಗದೆ, ತಾನಾಗಿಯೇ ಬೀಳತೊಡಗಿತು.

ದೋಷ ಹುಡುಕುವವರನ್ನು ಕಂಡರೆ ನಮಗೆ ತಾತ್ಸಾರ. ಯಾವುದನ್ನೂ ಒಪ್ಪಿಕೊಳ್ಳದವರು, ಯಾರನ್ನೂ ನಂಬದವರು ಎಂದು ಅವರನ್ನು ದೂರವಿಡುತ್ತೇವೆ. ಕೈಬಿಡುವುದಕ್ಕೆ ನೆಪ ಬೇಕಾಗಿ ಕುಂದು ಹುಡುಕುವವರಿದ್ದಾರೆ, ನಿಜ. ಆದರೆ ಮೇಷ್ಟ್ರ ಕುಲದವರು ಕುಂದು ಹುಡುಕುವುದು ಅದು ಸಿಕ್ಕ ಮೇಲೂ ಇಟ್ಟುಕೊಳ್ಳುವುದಕ್ಕಾಗಿ, ದುರಸ್ತಿಯಾಗದ್ದು ಲೋಕದಲ್ಲಿ ಇಲ್ಲವೆಂಬ ಮೊಂಡು ಭರವಸೆಯಿಂದ. ಇಂಥವರ ಕೈಗೆ ಸಿಕ್ಕ ವಸ್ತುವಿಗಾಗಲಿ ಮನುಷ್ಯರಿಗಾಗಲಿ ಗೀರು ಬೀಳುವುದು ತಪ್ಪದು, ಒಂದು ದಿನದ ನೆಮ್ಮದಿ ಕೆಡುವುದೂ ತಪ್ಪದು. ಆದರೆ ಯಾವುದೂ, ಯಾರೂ ಗುಜರಿಗೆ ಹೋಗುವುದಿಲ್ಲ.