ಚಾಮಿಯ ಅತ್ತಿಗೆ

ಕುಂಬಾರಕೊಪ್ಪಲಿನ ಶಿವನಂಜಮ್ಮನನ್ನು ಹೆತ್ತ ಮಗಳೇ ಅತ್ತಿಗೆ ಎಂದು ಕರೆಯುತ್ತಿದ್ದಳು. ಇದರಲ್ಲಿ ಮಗುವಿನ ತಪ್ಪೇನೂ ಇರಲಿಲ್ಲ. ಮನೆ ತುಂಬ ಮದುವೆಯಾಗದ ಮೈದುನರು. ಬೆಳಗಾದರೆ ‘ಅತ್ತಿಗೆ, ನೀರು’, ‘ಅತ್ತಿಗೆ, ಮುದ್ದೆ’, ‘ಅತ್ತಿಗೆ, ನನ್ ಅಂಗಿ ಎಲ್ಲಿ’ ಎಂಬ ಕೂಗಾಟ. ಕಿವಿಗೆ ಬಿದ್ದದ್ದನ್ನೇ ಕಲಿತ ಚಾಮುಂಡೇಶ್ವರಿ, ಅಂದರೆ ಮನೆಯವರ ಚಾಮಿ, ನಾಲ್ಕು ತುಂಬಿದರೂ ಆ ಮಾತು ಬಿಟ್ಟಿರಲಿಲ್ಲ. ಅವ್ವ ಎಂಬ ಪಟ್ಟವಂತೂ ಅತ್ತೆ ದೇವಿರಮ್ಮನಿಗೆ ಎಂದೋ ಸಂದಿತ್ತು. ಅದನ್ನು ಕಿತ್ತುಕೊಳ್ಳುವ ಎದೆಗಾರಿಕೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಕ್ಕಪಕ್ಕದವರು ನಗುತ್ತಿದ್ದರು. ಶಿವನಂಜಮ್ಮನೂ ಜೊತೆಗೆ ನಗುತ್ತಿದ್ದಳು, ಒಳಗೊಳಗೇ ಸಂಕಟಪಡುತ್ತಿದ್ದಳು. ಹೆತ್ತದ್ದಕ್ಕೆ ಒಂದು ಸಲವಾದರೂ ಮಗಳ ಬಾಯಲ್ಲಿ ಅಮ್ಮ ಅನ್ನಿಸಿಕೊಳ್ಳಬೇಕು ಎಂಬುದೇ ಅವಳ ಆಸೆ.

ಹೀಗಿರುವಾಗ ಒಂದು ಸಂಜೆ ಮೈದುನ ಪುಟ್ಟಸ್ವಾಮಿ ಕುಣಿಯುತ್ತ ಮನೆಗೆ ಬಂದ. ಅವನು ಸಿನಿಮಾ ಸ್ಟುಡಿಯೋದಲ್ಲಿ ಬಡಗಿ. ಬೆಳಗ್ಗೆ ಅರಮನೆ ಕಟ್ಟಿ ಸಂಜೆಗೆ ಕೆಡವುವುದು ಅವನ ಕಸುಬು.

“ಅತ್ತಿಗೆ, ನಮ್ ಚಾಮೀನ ಸಿನಿಮಾಕ್ಕೆ ಕೇಳ್ತಾವ್ರೆ! ಪಾಳೆಗಾರ ಒಬ್ಬ ರಾಣೀನೂ ಮಗೂನೂ ಸೆರೆಗೆ ಹಾಕ್ಬುಡ್ತಾನೆ. ಮಗು ಅಳ್ಬೇಕು, ಅಮ್ಮಾ ಅನ್ಬೇಕು. ಅಷ್ಟೇಯ.”

“ಎಳೇ ಮಗೀನ ಜೈಲಿಗಾಕ್ತಾರಂತೆ, ಇವನು ಕುಣೀತಾನೆ!” ಎಂದು ದೇವಿರಮ್ಮ ಸಿಡುಕಿದಳು. ಶಿವನಂಜಮ್ಮನ ಕಿವಿಗೆ ಜೈಲೂ ಬೀಳಲಿಲ್ಲ, ಪಾಳೆಗಾರನೂ ಬೀಳಲಿಲ್ಲ. ಅಮ್ಮಾ ಅನ್ನಬೇಕು ಎಂಬುದಷ್ಟೇ ಬಿತ್ತು. ಅಲ್ಲಿ ಕಲಿತದ್ದನ್ನು ಮಗು ಮನೆಗೂ ತಾರದೆ ಇರುತ್ತದೆಯೇ?

“ಆಗ್ಲಿ ಬುಡಪ್ಪ, ಕರ್ಕೊಂಡ್ ಬತ್ತೀನಿ” ಎಂದಳು.

ಅಂದಿನಿಂದ ಮನೆಯಲ್ಲಿ ಪಾಠ ಶುರುವಾಯಿತು. “ಅಮ್ಮ ಅನ್ನು, ಚಾಮಿ.”

“ಅಮ್ಮ ಅಂದ್ರೆ ಯಾರು, ಅತ್ತಿಗೆ?”

ಪುಟ್ಟಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. ಶಿವನಂಜಮ್ಮ ಅವನ ಬೆನ್ನಿಗೊಂದು ಗುದ್ದು ಕೊಟ್ಟು ಒಳಗೆ ಹೋದಳು.

ಚಿತ್ರೀಕರಣದ ದಿನ ರಾಣಿಯ ವೇಷದ ಚೂಡಾಮಣಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಕೊಬ್ಬರಿ ಮಿಠಾಯಿ ಕೊಟ್ಟಳು. “ಯಾರು ಕೊಟ್ಟಿದ್ದು, ಪುಟ್ಟಿ?”

“ಅಮ್ಮ” ಎಂದಳು ಚಾಮಿ, ಬಾಯಿ ತುಂಬ.

ಎಲ್ಲರೂ ಚಪ್ಪಾಳೆ ತಟ್ಟಿದರು. ಶಿವನಂಜಮ್ಮ ಮಾತ್ರ ತಟ್ಟಲಿಲ್ಲ. ಮನೆಯಲ್ಲಿ ಗೋಗರೆದರೂ ಬಾರದ ಮಾತು ಒಂದು ಮಿಠಾಯಿಗೆ ಬಂದುಬಿಟ್ಟಿತಲ್ಲ! ಅದೂ ಯಾರಿಗೆ, ಮುಖಕ್ಕೆ ಬಣ್ಣ ಬಳಿದುಕೊಂಡ ಯಾವುದೋ ರಾಣಿಗೆ.

ಮೊದಲ ಸಲ ಸೆರೆಮನೆಯ ಬಾಗಿಲು ಹಾಕಿದಾಗ ಚಾಮಿ ಸರಳುಗಳ ಸಂದಿಯಲ್ಲಿ ಸಲೀಸಾಗಿ ನುಸುಳಿ ಆಚೆಗೆ ಬಂದಳು. ನಿರ್ದೇಶಕ ಗುರುಮಲ್ಲಪ್ಪ ಕೆಂಡವಾದರು. “ಏನಯ್ಯ ಪುಟ್ಟಸ್ವಾಮಿ, ಸೆರೆಮನೆ ಮಾಡಿದ್ದೀಯೋ, ದನಕ್ಕೆ ಗೋದಲಿ ಮಾಡಿದ್ದೀಯೋ?” ಪುಟ್ಟಸ್ವಾಮಿ ಓಡಿಬಂದು, ಕಬ್ಬಿಣದಂತೆ ಕಾಣಲು ಕಪ್ಪು ಬಳಿದಿದ್ದ ಮರದ ಪಟ್ಟಿಗಳನ್ನು ಸಂದಿಸಂದಿಗೂ ಬಡಿದ.

ಎರಡನೆಯ ಸಲ ದಪ್ಪಮೀಸೆಯ ಭಟರು ಬಾಗಿಲನ್ನು ದಢಾರನೆ ಎಳೆದು ಬೀಗ ಜಡಿದರು. ದೀಪಗಳು ಮಂಕಾದವು. ಚೂಡಾಮಣಿ “ಬಾ ಕಂದ” ಎಂದು ತೋಳು ಚಾಚಿದಳು. ಚಾಮಿ ಅತ್ತ ತಿರುಗಿಯೂ ನೋಡಲಿಲ್ಲ. ಸರಳು ಹಿಡಿದು, ಕ್ಯಾಮೆರಾದ ಹಿಂದೆ ನಿಂತಿದ್ದ ತಾಯಿಯನ್ನು ಹುಡುಕಿ, ಇಡೀ ಸ್ಟುಡಿಯೋ ನಡುಗುವಂತೆ ಕಿರುಚಿದಳು.

“ಅತ್ತಿಗೇ! ಅತ್ತಿಗೇ, ನನ್ನ ಕರ್ಕೊಂಡೋಗೂ!”

ಶಿವನಂಜಮ್ಮ ಹೇಗೆ ಓಡಿದಳೋ, ಬೀಗ ತೆಗೆಸಿ ಮಗುವನ್ನು ಎದೆಗವಚಿಕೊಂಡಳು.

“ಅಳು ಬಲು ಚೆನ್ನಾಗಿ ಬಂತು” ಎಂದು ಗುರುಮಲ್ಲಪ್ಪ ತಲೆ ಚಚ್ಚಿಕೊಂಡರು. “ಆದರೆ ಹೆತ್ತ ತಾಯಿಗೆ ಮಗು ಅತ್ತಿಗೆ ಅಂದರೆ ಜನ ನಗೋದಿಲ್ಲವೇನಮ್ಮ? ಇನ್ನೊಂದು ಸಲ ಒಳಗೆ ಬಿಡಿ. ಅಮ್ಮಾ ಅನ್ನು ಅಂತ ನೀವೇ ಹೇಳಿಕೊಡಿ.”

ಹೇಳಿಕೊಡಬೇಕೆಂದೇ ಬಂದವಳು ಅವಳು. ಈಗ ಮಗಳ ಬೆವರಿದ ಕತ್ತನ್ನು ಸೆರಗಿನಿಂದ ಒರೆಸುತ್ತ ನಿಂತಳು.

“ಇಲ್ಲ ಸ್ವಾಮಿ, ಇನ್ನೊಂದ್ಸಲ ಬುಡಾಕಿಲ್ಲ. ನನ್ ಮಗ್ಳು ಸರ್ಯಾಗೇ ಕೂಗವ್ಳೆ.”

ಗುರುಮಲ್ಲಪ್ಪ ಗದರಲು ಬಾಯಿ ತೆರೆದರು. “ಅವರು ಹೇಳಿದ್ದು ಸರಿ ಸಾರ್” ಎಂದು ಚೂಡಾಮಣಿ ನಡುವೆ ಬಂದಳು. “ಬೇರೆ ಮಗುವಿನ ಧ್ವನಿ ಸೇರಿಸಿಕೊಳ್ಳಿ. ಇಂಥ ಅಳು ಮತ್ತೆ ಸಿಗೋದಿಲ್ಲ.”

ಸಿನಿಮಾ ಬಂದಾಗ ಕುಂಬಾರಕೊಪ್ಪಲಿನ ಅರ್ಧ ಜನ ಥಿಯೇಟರಿನಲ್ಲಿದ್ದರು. ಸೆರೆಮನೆಯ ದೃಶ್ಯ ಬಂತು. ‘ಅಮ್ಮಾ!’ ಎಂದು ಯಾವುದೋ ಮಗುವಿನ ಧ್ವನಿ ಮೊಳಗಿತು. ಸಿನಿಮಾ ಎಂದರೆ ಸಿಡುಕುತ್ತಿದ್ದ ದೇವಿರಮ್ಮನೂ ಸೆರಗಿನಿಂದ ಮೂಗೊರೆಸಿಕೊಂಡಳು. ಅಮ್ಮ ಅನ್ನಬೇಕಾದರೆ ತುಟಿ ಕೂಡಬೇಕು. ಬೆಳ್ಳಿಪರದೆಯ ಮೇಲೆ ಆಳೆತ್ತರ ಕಾಣುತ್ತಿದ್ದ ಚಾಮಿಯ ತುಟಿ ಒಮ್ಮೆಯೂ ಕೂಡಲಿಲ್ಲ. ಅವಳು ರಾಣಿಯನ್ನು ಬಿಟ್ಟು, ನೇರ ಶಿವನಂಜಮ್ಮನನ್ನೇ ನೋಡುತ್ತ ಕೂಗುತ್ತಿದ್ದಳು.

ತಾಯಿಯ ಮಡಿಲಲ್ಲಿದ್ದ ಚಾಮಿ ತಲೆಯೆತ್ತಿ ನೋಡಿದಳು. “ಯಾಕಳ್ತಿದೀಯ, ಅತ್ತಿಗೆ?”

“ಏನಂದೆ?”

“ಅತ್ತಿಗೆ ಅಂದೆ.”

“ಇನ್ನೊಂದ್ಸಲ ಅನ್ನವ್ವ” ಎಂದಳು ಶಿವನಂಜಮ್ಮ.