ಬ್ರೇಕ್ ಮೇಲಿನ ಕಾಲು

ಕಾರಿನ ಚಕ್ರ ಬಿಚ್ಚಿದ್ದ ಕಡೆಯಿಂದ ಕೈ ತೂರಿಸಿ ಮಗಳು ಎಂಜಿನ್ನಿನ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಮುಟ್ಟಿದಳು. ಬರಿಬೆರಳಿಗೇ ತಿರುಗಿತು.

"ಚಿಕ್ಕಪ್ಪ, ಹೀಗೇ ಓಡಿಸಿದ್ರೆ ಪುಲ್ಲಿ ಕಳಚಿ ಬೀಳುತ್ತೆ. ಅಪ್ಪ ಬಿಗಿ ಮಾಡೇ ಇಲ್ಲ. ಹಳದಿ ಗೆರೆ ಇಲ್ಲ ನೋಡಿ."

ಬಿಗಿ ಮಾಡಿದ ಪ್ರತಿ ಬೋಲ್ಟಿನ ಮೇಲೂ ಹಳದಿ ಗೆರೆ ಎಳೆಯುವುದು ಮೆಕ್ಯಾನಿಕ್ ಅಪ್ಪನ ಹಟ. ಅವನೀಗ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಉಗುರುಸಂದಿಯ ಕರಿ ಎಷ್ಟು ತೊಳೆದರೂ ಹೋಗಿರಲಿಲ್ಲ.

"ಸ್ಮಶಾನಕ್ಕೆ ಬೇರೆ ಗಾಡಿ ಕರೆಸೋಣ ಅತ್ತಿಗೆ. ಜನ ಕಾಯ್ತಿದಾರೆ," ಎಂದ ಚಿಕ್ಕಪ್ಪ.

"ಬೇಡ, ಇದರಲ್ಲೇ ಹೋಗ್ಲಿ. ಬೇರೆಯವರ ಗಾಡಿ ಹತ್ತಿದ್ರೆ ಎಲ್ಲಿ ಏನು ಸದ್ದು ಬರ್ತಿದೆ ಅಂತ ಕಿವಿ ಕೊಟ್ಟು ಕೂತಿರೋ ಮನುಷ್ಯ. ಇವತ್ತಾದ್ರೂ ನೆಮ್ಮದಿಯಾಗಿ ಹೋಗ್ಲಿ," ಎಂದಳು ತಾಯಿ.

ಯಾರೋ ನಕ್ಕವರು ತಕ್ಷಣ ಬಾಯಿ ಮುಚ್ಚಿಕೊಂಡರು.

ಮಗಳು ಪುಲ್ಲಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಕೂರಿಸಿದಳು. ಒಬ್ಬರೇ ಬಿಗಿ ಮಾಡಲು ಹೋದರೆ ಎಂಜಿನ್ನೂ ಜತೆಗೇ ತಿರುಗುತ್ತದೆ. ಟಾಪ್ ಗೇರಿಗೆ ಹಾಕಿ ಇನ್ನೊಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಬೇಕು.

"ಚಿಕ್ಕಪ್ಪ, ನೀವು ಸ್ವಲ್ಪ..."

"ಅದು ನನ್ನ ಕೆಲಸ," ಎಂದು ತಾಯಿ ಕಾರಿನ ಬಾಗಿಲು ತೆಗೆದಳು.

*

"ಏಯ್, ಬಾರೇ! ಬ್ರೇಕ್!"

ನಿನ್ನೆ ಬೆಳಿಗ್ಗೆ ಗಂಡ ಮೂರು ಸಲ ಕೂಗಿದ್ದ. ಮದುವೆಯಾದ ಹೊಸದರಿಂದಲೂ ಅದೇ ಕೂಗು.

"ನಿಮ್ಮ ಬ್ರೇಕ್‌ಗಿಷ್ಟು ಬೆಂಕಿ ಹಾಕ! ಬಟ್ಟೆ ಹಿಂಡಿ ಬರ್ತೀನಿ, ತಡ್ಕೊಳ್ಳಿ."

ನಾಲ್ಕನೇ ಸಲ ಕೂಗು ಬರಲಿಲ್ಲ. ಸಿಟ್ಟು ಬಂದಿರಬೇಕೆಂದು ಅವಳು ಬೇಕೆಂದೇ ಇನ್ನೆರಡು ಬೆಡ್‌ಶೀಟ್ ಒಗೆದಳು. ಆಮೇಲೆ ಬಂದು, ಅವನಿದ್ದ ಕಡೆ ಹಣಕಿಯೂ ನೋಡದೆ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದಳು.

"ಒತ್ತಿದೀನಿ."

ಉತ್ತರವಿಲ್ಲ. ಮುಖ ಊದಿಸಿಕೊಂಡಿದ್ದರೆ ಊದಿಸಿಕೊಳ್ಳಲಿ, ಅವನು ಮಾತಾಡುವ ತನಕ ತಾನೂ ಮಾತಾಡಬಾರದು ಎಂದು ಕಾಲಿಗೆ ಜೋಮು ಹಿಡಿಯುವವರೆಗೆ ಒತ್ತಿಕೊಂಡೇ ಕೂತಿದ್ದಳು. ಕೊನೆಗೆ ಇಳಿದು ಸುತ್ತಿ ಬಂದರೆ, ಅವನು ಬಿಚ್ಚಿಟ್ಟ ಚಕ್ರಕ್ಕೆ ಒರಗಿ ಕೂತಿದ್ದ. ಸ್ಪ್ಯಾನರ್ ತೊಡೆಯ ಮೇಲಿತ್ತು.

*

"ಒತ್ತಿದ್ಯಾಮ್ಮ?"

"ಒತ್ತಿದೀನಿ."

ಬೇಕಾದಷ್ಟು ಬಿಗಿಯಾಯಿತೆಂದು ಟಾರ್ಕ್ ಸ್ಪ್ಯಾನರ್ 'ಟಕ್' ಎಂದಿತು. ಮಗಳು ಉದ್ದನೆಯ ಪೈಪು ಸಿಕ್ಕಿಸಿ, ಮೈಭಾರವನ್ನೆಲ್ಲ ಹಾಕಿ ಇನ್ನೂ ಕಾಲು ಸುತ್ತು ತಿರುಗಿಸಿದಳು. ಅಪ್ಪನ ಡಬ್ಬಿಯಿಂದ ಬಣ್ಣ ತೆಗೆದು ಎಳೆದ ಹಳದಿ ಗೆರೆ ಸೊಟ್ಟಗಾಯಿತು. ಅವಳಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಬೆಲ್ಟ್ ಹಾಕಿದಳು, ಚಕ್ರ ಕೂರಿಸಿದಳು.

"ಸಾಕಮ್ಮ, ಇಳಿ."

ತಾಯಿ ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

"ನಿನ್ನೆ ನಾನು ಬರೋ ಹೊತ್ತಿಗೆ ಜೀವ ಇತ್ತೋ ಏನೋ ಕಣೇ. ಪಕ್ಕದಲ್ಲೇ ಇದ್ರು. ನಾನು ಮುನಿಸಿಕೊಂಡು ಬ್ರೇಕ್ ಒತ್ಕೊಂಡು ಕೂತಿದ್ದೆ."

ಮಗಳು ತೆರೆದ ಬಾಗಿಲ ಬಳಿ ಕುಸಿದು ಕೂತು ತಾಯಿಯ ಮಂಡಿ ಹಿಡಿದುಕೊಂಡಳು.

ನಡುಮನೆಯಿಂದ ನಾಲ್ವರು ಅವನನ್ನು ಎತ್ತಿ ತಂದರು. ಚಿಕ್ಕಪ್ಪ ಕಾರಿನ ಹಿಂಬಾಗಿಲು ತೆರೆದ. ಬ್ರೇಕಿನ ದೀಪಗಳು ಇನ್ನೂ ಉರಿಯುತ್ತಿದ್ದವು. ಬಿಳಿ ಬಟ್ಟೆಯ ಅಂಚು ಆ ಬೆಳಕಿಗೆ ಕೆಂಪಾಗಿ ಕಾಣುತ್ತಿತ್ತು.